ಬೀದರದಲ್ಲಿ ಉಳಿದ ಒಂದು ದಿನ

ಕರ್ನಾಟಕದ ಭೂಪಟದ ನೆತ್ತಿಯ ಮೇಲೆ ಕುಳಿತಿರುವ ಬೀದರಕ್ಕೆ ಬೆಂಗಳೂರು ಬಹು ದೂರ. ರಸ್ತೆಯಲ್ಲಿ ಹೊರಟರೆ ಏಳುನೂರು ಕಿಲೋಮೀಟರಿಗೆ ಸಮೀಪ; ರೈಲನ್ನು ನಂಬಿದರೆ ಒಂದು ರಾತ್ರಿ ಪೂರ್ತಿ ಪ್ರಯಾಣ. ಇದೇ ದೂರವನ್ನು ವಿಮಾನವು ಒಂದು ಗಂಟೆಗೆ ತುಸು ಮಿಕ್ಕಿದ ಅವಧಿಯಲ್ಲಿ ಕ್ರಮಿಸಿಬಿಡುತ್ತದೆ. ಆದರೆ ಈ ಆಕಾಶಮಾರ್ಗವು ಎಷ್ಟು ಚಿಕ್ಕದೋ ಅಷ್ಟೇ ಚಂಚಲವೂ ಆಗಿದೆಯೆಂಬುದನ್ನು ಇಲ್ಲಿಯ ಜನರು ಕೆಲವೇ ವರ್ಷಗಳಲ್ಲಿ ಕಂಡುಕೊಂಡಿದ್ದಾರೆ.

ಬೀದರದ ಬಾನಿಗೆ ವಿಮಾನವೇನೂ ಹೊಸದಲ್ಲ. ಪಟ್ಟಣದ ಮಗ್ಗುಲಲ್ಲಿರುವ ವಾಯುಪಡೆಯ ನೆಲೆಯಲ್ಲಿ ತರುಣ ಪೈಲಟರು ಶಿಕ್ಷಣ ಪಡೆಯುತ್ತಾರೆ. ಆಕಾಶದಲ್ಲಿ ಚಿತ್ತಾರ ಬರೆಯುವ ‘ಸೂರ್ಯಕಿರಣ’ ತಂಡಕ್ಕೂ ಇದೇ ತವರು. ಸಾಮಾನ್ಯ ಪ್ರಯಾಣಿಕನಿಗೆ ಆ ರನ್‌ವೇ ತೆರೆದುದು ಮಾತ್ರ 2020ರ ಫೆಬ್ರವರಿ 7ರಂದು. ಅಂದು ಬೆಂಗಳೂರಿಗೆ ವಿಮಾನಸಂಚಾರ ಆರಂಭವಾಯಿತು. ಏಳು ವಾರ ತುಂಬುವ ಮೊದಲೇ ಕೊರೋನಾ ವ್ಯಾಧಿಯ ದೆಸೆಯಿಂದ ದೇಶದ ವಿಮಾನಗಳೆಲ್ಲವೂ ನೆಲ ಹಿಡಿದವು. ಮತ್ತೆ ಕೆಲಕಾಲ ನಡೆದ ಸಂಚಾರ ನಿಂತುಹೋಗಿ, 2022ರ ಜೂನಿನಲ್ಲಿ ಇನ್ನೊಂದು ಕಂಪನಿ ಬಂದಿತು. 2023ರ ಕೊನೆಯಲ್ಲಿ ಅದೂ ನಿಂತಿತು. 2025ರ ಏಪ್ರಿಲಿನಲ್ಲಿ ಪುನಃ ಚಾಲನೆ ದೊರೆಯಿತು. ಪ್ರತಿಯೊಂದು ಸಲವೂ ಈ ಮಾರ್ಗದಲ್ಲಿ ಹಾರಿದುದು ಒಂದೇ ಕಂಪನಿ. ಪ್ರಯಾಣಿಕನ ತೊಂದರೆಯ ಮೂಲವಿರುವುದು ಇಲ್ಲಿಯೇ. ದೊಡ್ಡ ನಗರದಲ್ಲಿ ಒಂದು ವಿಮಾನ ತಪ್ಪಿದರೆ ಮತ್ತೊಂದುಂಟು. ಇಲ್ಲಿ ಕಂಪನಿಯು ತಾರೀಖು ಬದಲಿಸಿತೆಂದರೆ ಅದರ ಮುಂದಿನ ವಿಮಾನವೇ ಗತಿ.

ಕೋಟೆಯ ನೆರಳಿನಲ್ಲಿ

ಹೀಗೆ ಅನಿರೀಕ್ಷಿತವಾಗಿ ಒಂದು ದಿನ ಉಳಿದ ಪ್ರವಾಸಿಗನಿಗೆ ಬೀದರವು ಬೇಸರವನ್ನುಂಟುಮಾಡುವ ಊರಲ್ಲ. ಅಹಮದ್ ಶಾಹ ಬಹಮನಿಯು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಕೆಂಪು ಮುರಕಲ್ಲಿನ ಕೋಟೆ, ಅದರೊಳಗೆ ಮುತ್ತಿನ ಚಿಪ್ಪಿನ ಕುಸುರಿಯಿಂದ ಹೊಳೆಯುವ ರಂಗೀನ್ ಮಹಲ್, ಊರ ನಡುವೆ 1472ರಲ್ಲಿ ಮಹಮೂದ ಗಾವಾನನು ಕಟ್ಟಿಸಿದ ಮದರಸಾ, ಸಿಖ್ಖರ ಯಾತ್ರಾಸ್ಥಳವಾದ ನಾನಕ ಝರಾ, ಇವಿಷ್ಟನ್ನು ನೋಡುವುದಕ್ಕೇ ದಿನ ಸಾಲದು. ಬಿದರಿ ಕುಶಲಿಗಳ ಅಂಗಡಿಗೆ ಹೋದರೆ, ಸತುವು ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಹಳೆಯ ಕೋಟೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುವ ಕೌಶಲವನ್ನು ಕಣ್ಣಾರೆ ಕಾಣಬಹುದು.

ಆದರೆ ಆ ದಿನಕ್ಕೆ ಬೆಲೆಯುಂಟು. ವಸತಿಗೃಹದ ಬಾಡಿಗೆ, ಊಟ ತಿಂಡಿ, ಕಚೇರಿಗೆ ಮತ್ತೊಂದು ದಿನದ ರಜೆ. ಇವು ಪ್ರವಾಸಿಗನ ಖರ್ಚು. ತುರ್ತಿನವನಾದರೆ ಟ್ಯಾಕ್ಸಿ ಹಿಡಿದು ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ಓಡಬೇಕು. ಅಲ್ಲಿ ಕಡೆಯ ಗಳಿಗೆಯ ಟಿಕೆಟ್ಟಿಗೆ ಕೇಳಿದಷ್ಟು ತೆರಬೇಕು. ಬೆಂಗಳೂರಿನಿಂದ ಮುಂದಕ್ಕೆ ಬೇರೆ ವಿಮಾನ ಹಿಡಿಯುವವನಾದರೆ ಆ ಟಿಕೆಟ್ಟೂ ನೀರಿನಲ್ಲಿ ಹೋಮ.

ಇಲ್ಲಿ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳನ್ನು ಅರಿತಿರುವುದು ಒಳ್ಳೆಯದು. ಪ್ರಯಾಣಿಕನು ತಾನಾಗಿ ದಿನ ಬದಲಿಸಿದರೆ ಶುಲ್ಕವೂ ದರದ ವ್ಯತ್ಯಾಸವೂ ಅವನ ತಲೆಯ ಮೇಲೆಯೇ. ಕಂಪನಿಯೇ ಆ ದಿನದ ವಿಮಾನವನ್ನು ರದ್ದುಗೊಳಿಸಿದರೆ ಮಾತು ಬೇರೆ. ಆಗ ಬದಲಿ ವಿಮಾನವನ್ನಾಗಲಿ ಪೂರ್ಣ ಹಣವನ್ನಾಗಲಿ ಕೇಳುವ ಹಕ್ಕು ಪ್ರಯಾಣಿಕನದು. ಹಣವನ್ನು ಮುಂದಿನ ಪ್ರಯಾಣಕ್ಕೆಂದು ಕಂಪನಿಯಲ್ಲಿಯೇ ಜಮೆ ಇಡುವುದು ಅವನ ಇಚ್ಛೆಯೇ ಹೊರತು ಕಂಪನಿಯ ಇಚ್ಛೆಯಲ್ಲ. ಆದುದರಿಂದ ಮೊಬೈಲಿಗೆ ಬಂದ ಹೊಸ ತಾರೀಖನ್ನು ಅವಸರದಲ್ಲಿ ಒಪ್ಪಿಬಿಡುವ ಮುನ್ನ ಎರಡು ಗಳಿಗೆ ಯೋಚಿಸುವುದು ಲೇಸು.

ಭಾಲ್ಕಿಯ ಎರಡು ಫಲಕಗಳು

ಬೀದರದಿಂದ ಸುಮಾರು ನಲವತ್ತು ಕಿಲೋಮೀಟರು ಸಾಗಿದರೆ ಭಾಲ್ಕಿ. ರೈಲಿನ ಅನುಕೂಲವುಳ್ಳ ಈ ಊರಿಗೆ ಹಿರೇಮಠದಿಂದ ಕೀರ್ತಿ ಬಂದಿದೆ. ನಿಜಾಮನ ಆಳ್ವಿಕೆಯ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯ ಮನೆಮಾತು.

ಹೊರಗಿನ ಫಲಕ ಬೇರೆ, ಒಳಗಿನ ಪಾಠ ಬೇರೆ ಎಂಬ ಮಾತು ವಿಮಾನದ ಟಿಕೆಟ್ಟಿಗೂ ಅನ್ವಯಿಸುತ್ತದೆ. ಅಲ್ಲಿ ಮಾತ್ರ ಒಳಗಿನ ಪಾಠವು ಅಷ್ಟು ಹಿತಕರವಲ್ಲ. ಎರಡು ವಾರ ಮುಂಚಿತವಾಗಿ ತಿಳಿಸಿದ ಕಂಪನಿಯು ಬದಲಿ ವಿಮಾನ ಅಥವಾ ಹಣ ಕೊಟ್ಟರೆ ಅಲ್ಲಿಗೆ ಅದರ ಹೊಣೆ ಮುಗಿಯಿತು. ನಿಯಮದಂತೆ ತಿಳಿಸದೆ ರದ್ದುಗೊಳಿಸಿದರೆ ಪರಿಹಾರವುಂಟು: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಮೇಲೆ 10,000. ಆದರೆ ಇದರ ಬೆನ್ನಿಗೇ ಒಂದು ಮಾತಿದೆ. ಆ ಮೊತ್ತ ಅಥವಾ ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಗ್ಗದ ಟಿಕೆಟ್ಟಿನವನಿಗೆ ಪರಿಹಾರವೂ ಅಗ್ಗವೇ. ಹವಾಮಾನ, ಭದ್ರತೆ ಮುಂತಾದ ಕಂಪನಿಯ ಕೈಮೀರಿದ ಕಾರಣಗಳಿದ್ದರೆ ಅದೂ ಇಲ್ಲ.

ಮುಂದಿನ ವಿಮಾನ ತಪ್ಪಿದ ನಷ್ಟಕ್ಕೂ ಇಂಥದೇ ಕಟ್ಟುಪಾಡು. ಎರಡು ಹಾರಾಟಗಳೂ ಒಂದೇ ಟಿಕೆಟ್ಟಿನಲ್ಲಿದ್ದರೆ ಮಾತ್ರ ಕಂಪನಿಯ ಹೊಣೆ. ನಾಲ್ಕು ಕಾಸು ಉಳಿಯಲೆಂದು ಬೇರೆ ಬೇರೆ ಟಿಕೆಟ್ಟು ಕೊಂಡವನು ನಡುವೆ ಒಂದು ದಿನದ ಬಿಡುವನ್ನಾದರೂ ಇಟ್ಟುಕೊಳ್ಳಬೇಕು.

ಔರಾದದ ಹಾದಿ

ಮಾಂಜರಾ ನದಿಯನ್ನು ದಾಟಿ ಉತ್ತರಕ್ಕೆ ನಡೆದರೆ ಔರಾದ. ರಾಜ್ಯದ ತುತ್ತತುದಿಯ ತಾಲ್ಲೂಕು ಇದು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಂತೆಯಲ್ಲಿ ಕನ್ನಡ, ಮರಾಠಿ, ದಖ್ಖನಿ ಹಿಂದಿಗಳು ಒಂದರೊಡನೊಂದು ಬೆರೆತು ಕೇಳುತ್ತವೆ. ತೊಗರಿ, ಉದ್ದು, ಸೋಯಾ ಬೆಳೆಯುವ ಕಪ್ಪು ನೆಲ. ಊರ ಜನರ ಭಕ್ತಿಗೆ ಪಾತ್ರನಾದ ಅಮರೇಶ್ವರ. ಪಟ್ಟಣಕ್ಕೆ ರೈಲಿಲ್ಲ. ಬೀದರದ ನಿಲ್ದಾಣಕ್ಕೆ ಬರಬೇಕಾದರೂ ಬಸ್ಸು ಅಥವಾ ಬಾಡಿಗೆಯ ಕಾರೇ ಗತಿ.

ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಂಡ ರೋಗಿ, ಪ್ರವೇಶಪರೀಕ್ಷೆಗೆ ಹೊರಟ ವಿದ್ಯಾರ್ಥಿ, ಶಂಷಾಬಾದಿನಿಂದ ಕೊಲ್ಲಿ ರಾಷ್ಟ್ರಕ್ಕೆ ದುಡಿಯಲು ಹೋಗುವ ತರುಣ, ಇಂಥವರಿಗೆ ಒಂದು ದಿನದ ಬದಲಾವಣೆಯು ಬರಿಯ ಬೇಸರವಾಗಿ ಮುಗಿಯುವುದಿಲ್ಲ. ಕಾರಿನ ಬಾಡಿಗೆ ಎರಡು ಸಲ. ಜೊತೆಗೆ ಬಂದವರ ಕೂಲಿ ಎರಡು ದಿನ. ವೈದ್ಯರ ಭೇಟಿ ಮತ್ತೆ ಯಾವಾಗಲೋ.

ಇಂಥ ಊರುಗಳಲ್ಲಿ ಏಜೆಂಟರ ಅಂಗಡಿಯಲ್ಲಿ ಟಿಕೆಟ್ಟು ಕೊಳ್ಳುವವರು ಒಂದು ಸಂಗತಿಯನ್ನು ಮರೆಯಬಾರದು. ಟಿಕೆಟ್ಟಿನ ಮೇಲೆ ಏಜೆಂಟನ ಮೊಬೈಲ್ ಸಂಖ್ಯೆಯಷ್ಟೇ ಇದ್ದರೆ ಬದಲಾವಣೆಯ ಸುದ್ದಿ ಅವನಿಗೆ ಮುಟ್ಟುತ್ತದೆ. ಪ್ರಯಾಣಿಕನಿಗೆ ತಿಳಿಯುವುದು ನಿಲ್ದಾಣದ ಬಾಗಿಲಲ್ಲಿ. ಸರಿಯಾದ ಸಂಪರ್ಕ ವಿವರ ಕೊಡದವನಿಗೆ ಪರಿಹಾರವಿಲ್ಲವೆಂದು ನಿಯಮವೂ ಹೇಳುತ್ತದೆ. ತನ್ನ ಸಂಖ್ಯೆಯನ್ನೇ ಬರೆಯಿಸುವುದಕ್ಕೆ ಕಾಸಿನ ಖರ್ಚಿಲ್ಲ. ಏಜೆಂಟನ ಮೂಲಕ ಕೊಂಡ ಟಿಕೆಟ್ಟಾದರೂ ಹಣ ಹಿಂದಿರುಗಿಸುವ ಹೊಣೆ ಕಂಪನಿಯದೇ ಎಂಬುದೂ ನೆನಪಿನಲ್ಲಿರಲಿ.

ಉಳಿಯಿತು, ಕಾರಿನ ಬಾಡಿಗೆಯ ಪ್ರಶ್ನೆ. ವಿಮಾನಯಾನದ ನಿಯಮಗಳಲ್ಲಿ ಇದಕ್ಕೆ ಪ್ರತ್ಯೇಕ ಪರಿಹಾರವಿಲ್ಲ. ಕಂಪನಿಯ ತಪ್ಪಿನಿಂದಲೇ ನಷ್ಟವಾಯಿತೆಂದು ತೋರಿಸಬಲ್ಲವನು 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಆಯೋಗದ ಮೊರೆಹೋಗಬಹುದು. ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಆ ಕಾಯಿದೆ ಅವಕಾಶವಿತ್ತಿದೆ. ಔರಾದದವನು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಗೆಲುವು ನಿಶ್ಚಿತವೆನ್ನುವಂತಿಲ್ಲ. ಆದರೆ ರಸೀದಿಯಿಲ್ಲದವನಿಗೆ ಸೋಲು ನಿಶ್ಚಿತ.

ಒಗ್ಗಟ್ಟಿನ ಮೊರೆಗೆ ಫಲವಿಲ್ಲದಿಲ್ಲ. 2020ರ ಲಾಕ್‌ಡೌನಿನಲ್ಲಿ ರದ್ದಾದ ಟಿಕೆಟ್ಟುಗಳ ಹಣಕ್ಕಾಗಿ ಪ್ರಯಾಣಿಕರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ನಡೆಯಿತು. ಆ ವರ್ಷದ ಅಕ್ಟೋಬರ್ 1ರಂದು ಹಣ ಹಿಂದಿರುಗಿಸುವ ಕ್ರಮವನ್ನು ನ್ಯಾಯಾಲಯವು ವಿಧಿಸಿತು. ಕೈಯಲ್ಲಿ ಕಾಸಿಲ್ಲದ ಕಂಪನಿಗಳು ಟಿಕೆಟ್ಟಿನ ಹಣವನ್ನು 2021ರ ಮಾರ್ಚ್ 31ರವರೆಗೆ ಜಮೆಯಾಗಿಡಬಹುದೆಂದೂ, ಅದನ್ನು ತಿಂಗಳು ತಿಂಗಳೂ ಬೆಳೆಸಬೇಕೆಂದೂ, ಬಳಸದೆ ಉಳಿದುದನ್ನು ಮರಳಿಸಬೇಕೆಂದೂ ಅದರಲ್ಲಿ ಹೇಳಿತ್ತು.

ಬೀದರ ಸೀಮೆಯನ್ನು ನೋಡಹೊರಡುವ ಕುಟುಂಬಗಳು ಕೈಚೀಲದಲ್ಲಿ ಟಿಕೆಟ್ಟಿನೊಂದಿಗೆ ಒಂದು ಲಕೋಟೆಯನ್ನೂ ಇಟ್ಟುಕೊಳ್ಳಲಿ. ಕಾರಿನ ಚೀಟಿ, ವಸತಿಯ ಬಿಲ್ಲು, ಕಂಪನಿಯ ಸಂದೇಶದ ಪ್ರತಿ, ಎಲ್ಲವೂ ಅದರೊಳಗೆ ಸೇರಲಿ. ಹಿಂತಿರುಗುವ ದಿನಕ್ಕೂ ಕಚೇರಿಯ ದಿನಕ್ಕೂ ನಡುವೆ ಒಂದು ದಿನದ ಅಂತರವಿರಲಿ. ವಿಮಾನವು ಹೇಳಿದ ದಿನವೇ ಹಾರಿದರೆ ಆ ದಿನ ಮನೆಯಲ್ಲಿ ವಿಶ್ರಾಂತಿಗಾಯಿತು. ಹಾರದಿದ್ದರೆ ಭಾಲ್ಕಿಯ ಮಠವನ್ನೂ ಔರಾದದ ಅಮರೇಶ್ವರನನ್ನೂ ನೋಡಿ ಬರುವುದಕ್ಕಾಯಿತು.