ಒಂದೇ ನುಡಿ, ಮೂರು ದಡ

ನದಿಗೆ ಎರಡೇ ದಡಗಳೆಂಬುದು ಲೋಕರೂಢಿ. ರೈನ್ ನದಿಯ ಮೇಲ್ಕಣಿವೆಗೆ ಬಂದವರಿಗೆ ಮಾತ್ರ ಮೂರು ದಡಗಳು ಕಾಣುತ್ತವೆ. ಬಲಕ್ಕೆ ಜರ್ಮನಿ, ಎಡಕ್ಕೆ ಫ್ರಾನ್ಸ್, ಪಶ್ಚಿಮಕ್ಕೆ ಹರಿದು ಬಂದ ನದಿಯು ಉತ್ತರಕ್ಕೆ ಹೊರಳುವ ತಿರುವಿನಲ್ಲಿ ಸ್ವಿಟ್ಜರ್‌ಲೆಂಡ್. ಫ್ರೈಬುರ್ಗ್, ಸ್ಟ್ರಾಸ್‌ಬುರ್ಗ್, ಬಾಸೆಲ್ ಎಂಬ ಮೂರು ನಗರಗಳು ಈ ಮೂರು ದೇಶಗಳಲ್ಲಿ ಹಂಚಿಹೋಗಿವೆ. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಆದುದರಿಂದಲೇ ಫ್ರೈಬುರ್ಗಿನ ವಿದ್ಯಾರ್ಥಿಗಳಿಗೆ ಒಂದು ವಾರಾಂತ್ಯದಲ್ಲಿ ಮೂರು ದೇಶ ನೋಡುವುದು ಸಾಹಸವಲ್ಲ, ಅಗ್ಗದ ವಿನೋದ.

ಅಂತಹುದೊಂದು ಪ್ರವಾಸಕ್ಕೆ, ಮೇ ತಿಂಗಳಿನಲ್ಲಿ, ಕಾಸರಗೋಡಿನ ವಿದ್ಯಾರ್ಥಿನಿಯೊಬ್ಬಳು ಹೆಸರು ಕೊಟ್ಟಿದ್ದಳು. ಆಕೆ ಭಾಷಾವಿಜ್ಞಾನದ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಫ್ರೈಬುರ್ಗಿಗೆ ಬಂದವಳು. ಗ್ರಂಥಾಲಯದಲ್ಲಿ ವಾರಕ್ಕೆ ಕೆಲವು ಗಂಟೆ ದುಡಿದು ಉಳಿಸಿದ ಹಣದಲ್ಲಿ ಪ್ರವಾಸದ ಶುಲ್ಕ ಕಟ್ಟಿದ್ದಳು. ಶನಿವಾರ ಕೋಲ್ಮಾರ್ ಮತ್ತು ಸ್ಟ್ರಾಸ್‌ಬುರ್ಗ್, ಭಾನುವಾರ ಬಾಸೆಲ್, ಅಂದೇ ರಾತ್ರಿ ಮರಳಿ ಫ್ರೈಬುರ್ಗ್.

ಹೊರಡುವ ಹಿಂದಿನ ರಾತ್ರಿ ಊರಿನಿಂದ ಅಣ್ಣನ ಕರೆ ಬಂದಿತು. ಅವನ ಮಗನಿಗೆ ಜೂನ್ ತಿಂಗಳಲ್ಲಿ ಒಂದನೆಯ ತರಗತಿ. ಅವರ ತಂದೆ ಮೂವತ್ತು ವರ್ಷ ಪಾಠ ಹೇಳಿದ ಕನ್ನಡ ಶಾಲೆ ಮನೆಯಿಂದ ಕೂಗಳತೆಯಲ್ಲಿದೆ. ಆದರೆ ಅಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನು ಗೇಟಿನ ಬಳಿಗೇ ಬರುತ್ತದೆ. ತಂದೆಯವರು ಈ ವಿಷಯದಲ್ಲಿ ತುಟಿ ಬಿಚ್ಚುತ್ತಿಲ್ಲ. ಕನ್ನಡದಲ್ಲಿಯೇ ಓದಿ ಅಷ್ಟು ದೂರ ಹೋದವಳು ನೀನು, ನೀನೇ ಹೇಳು ಎಂದನು ಅಣ್ಣ. ಭಾನುವಾರ ರಾತ್ರಿ ಹೇಳುತ್ತೇನೆಂದು ಆಕೆ ಮಾತು ಮುಗಿಸಿದಳು.

ಉತ್ತರವು ಆಕೆಯ ಮನಸ್ಸಿನಲ್ಲಿ ಬಹುಮಟ್ಟಿಗೆ ಸಿದ್ಧವಾಗಿಯೇ ಇತ್ತು. ಆ ಮನೆಯಲ್ಲಿ ಆಡುವುದು ಹವಿಗನ್ನಡ, ತೋಟದ ಕೆಲಸದವರೊಡನೆ ತುಳು, ಶಾಲೆಯಲ್ಲಿ ಗ್ರಾಂಥಿಕ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ. ಇಷ್ಟು ನುಡಿಗಳ ನಡುವೆ ಬೆಳೆಯುವ ಮಗು ಶಾಲೆಯಲ್ಲಿ ಇಂಗ್ಲಿಷ್ ಕಲಿತರೆ ಕಳೆದುಕೊಳ್ಳುವುದೇನು? ಮನೆಮಾತನ್ನು ಮನೆಯೇ ಕಾಯುತ್ತದೆ. ಫ್ರೈಬುರ್ಗಿನ ಮೊದಲ ವರ್ಷ ವಿಚಾರಗೋಷ್ಠಿಗಳಲ್ಲಿ ಇಂಗ್ಲಿಷಿನ ಒಂದೊಂದು ವಾಕ್ಯಕ್ಕೂ ತಾನು ಪಟ್ಟ ಪಾಡು ಅಣ್ಣನ ಮಗನಿಗೆ ಬೇಡವೆಂದೂ ಆಕೆಗೆ ಅನಿಸಿತ್ತು.

ಶನಿವಾರ ಬೆಳಗ್ಗೆ ಬಸ್ಸು ಬ್ರೈಸಾಖ್ ಎಂಬಲ್ಲಿ ರೈನ್ ನದಿಯನ್ನು ದಾಟಿತು. ಕಾವಲುಗಾರರಿಲ್ಲ, ತಡೆಗಂಬವಿಲ್ಲ. ಫ್ರಾನ್ಸಿಗೆ ಸ್ವಾಗತವೆಂದು ಕೈಫೋನಿಗೆ ಬಂದ ಸಂದೇಶವೊಂದೇ ಗಡಿ ದಾಟಿದ್ದಕ್ಕೆ ಸಾಕ್ಷಿ. ಕೋಲ್ಮಾರ್ ನಗರದ ಉಂಟರ್‌ಲಿಂಡನ್ ಸಂಗ್ರಹಾಲಯದಲ್ಲಿ ಗ್ರ್ಯೂನೆವಾಲ್ಡ್ ಸುಮಾರು 1512ರಿಂದ 1516ರವರೆಗೆ ಚಿತ್ರಿಸಿದ ಈಸನ್‌ಹೈಮ್ ಬಲಿಪೀಠದ ಫಲಕಗಳನ್ನು ನೋಡಲು ವಿದ್ಯಾರ್ಥಿಗಳು ಸಾಲುಗಟ್ಟಿದರು. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ಮಾರ್ಗದರ್ಶಿಯಾಗಿದ್ದರು. ಅವರ ಜರ್ಮನ್ ಅಚ್ಚುಕಟ್ಟಾಗಿತ್ತು. ಸಂಗ್ರಹಾಲಯದಿಂದ ಹೊರಬಂದು ಬಸ್ಸಿನ ಚಾಲಕನೊಡನೆ ಮಾತಿಗೆ ನಿಂತಾಗ ಮಾತ್ರ ಅವರ ದನಿಯೇ ಬದಲಾಯಿತು. ಚಾಲಕ ಫ್ರೈಬುರ್ಗ್ ಬಳಿಯ ಹಳ್ಳಿಯವನು. ಅವರು ಅಲ್ಸೇಸಿನ ಮಾತಿನಲ್ಲಿ ಕೇಳಿದರು, ಅವನು ತನ್ನ ಹಳ್ಳಿಯ ಮಾತಿನಲ್ಲಿ ಉತ್ತರಿಸಿದನು, ಇಬ್ಬರೂ ನಕ್ಕರು.

ಭಾಷಾವಿಜ್ಞಾನದ ವಿದ್ಯಾರ್ಥಿನಿಗೆ ಅದರ ಕಾರಣ ಗೊತ್ತಿತ್ತು. ಫ್ರೈಬುರ್ಗಿನ ಸುತ್ತಣ ಹಳ್ಳಿಗಳ ಮಾತು, ಅಲ್ಸೇಸಿನ ಮಾತು, ಬಾಸೆಲಿನ ಮಾತು ಇವೆಲ್ಲ ಅಲೆಮಾನಿಕ್ ಎಂಬ ಒಂದೇ ಕವಲಿನ ಉಪಭಾಷೆಗಳು. ಬಾಸೆಲಿನಲ್ಲಿ ಹುಟ್ಟಿದ ಯೋಹಾನ್ ಪೀಟರ್ ಹೆಬೆಲ್ ಈ ಕವಲಿನ ನುಡಿಯಲ್ಲಿ ಬರೆದ ಕವಿತೆಗಳು 1803ರಲ್ಲಿ ಅಚ್ಚಾದವು. ಸ್ವತಃ ಗೊಯಟೆ ಅವುಗಳನ್ನು ಮೆಚ್ಚಿ ವಿಮರ್ಶೆ ಬರೆದನು. ಪಾಠದಲ್ಲಿ ಓದಿದ್ದ ಈ ಸಂಗತಿ ಬಸ್ಸಿನ ಬಾಗಿಲಲ್ಲಿ ಕಿವಿಗೆ ಬಿದ್ದುದು ಅಂದೇ ಮೊದಲು.

ನಿಮ್ಮ ಮಕ್ಕಳೂ ಈ ಮಾತನ್ನು ಆಡುತ್ತಾರೆಯೇ ಎಂದು ಆಕೆ ಕೇಳಿದಳು. ಶಿಕ್ಷಕಿ ನೇರವಾಗಿ ಉತ್ತರಿಸದೆ ತಮ್ಮ ಅಜ್ಜನ ಕಥೆಯನ್ನು ತೆಗೆದರು. ಅಲ್ಸೇಸ್ 1871ರಲ್ಲಿ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿತು; ಅಜ್ಜ ಹುಟ್ಟಿದ್ದು ಆ ಕಾಲದಲ್ಲಿ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಫ್ರೆಂಚ್ ಪ್ರಜೆಯಾದರು. 1940ರಲ್ಲಿ ನಾಜಿ ಸೈನ್ಯ ಬಂದಾಗ ಮತ್ತೆ ಜರ್ಮನ್. ಎರಡನೆಯ ಮಹಾಯುದ್ಧ ಮುಗಿದಾಗ ಮತ್ತೆ ಫ್ರೆಂಚ್. ಇಷ್ಟಾದರೂ ಅವರು ಮನೆ ಬದಲಿಸಲಿಲ್ಲ. ನಾಜಿ ಆಳ್ವಿಕೆಯಲ್ಲಿ ಫ್ರೆಂಚ್ ಮಾತಾಡುವುದು ಅಪರಾಧ. ಯುದ್ಧಾನಂತರ ಮನೆಮಾತಿಗೆ ಶತ್ರುವಿನ ಭಾಷೆಯೆಂಬ ಕಳಂಕ ಅಂಟಿತು. ಫ್ರೆಂಚ್ ಮಾತಾಡುವುದೇ ಚೆಂದವೆಂಬ ಭಿತ್ತಿಪತ್ರಗಳು ಬಂದವು. ಶಾಲೆಯಂಗಳದಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ.

‘ಶಾಲೆ ಫ್ರೆಂಚ್ ಕಲಿಸಲಿ, ನಮ್ಮ ಮಾತನ್ನು ಮನೆ ಕಾಯುತ್ತದೆ ಎಂದು ನಾವೂ ನಂಬಿದ್ದೆವು’ ಎಂದರು ಶಿಕ್ಷಕಿ. ‘ನನ್ನ ತಾಯಿಯೊಡನೆ ನಾನು ಅದನ್ನೇ ಆಡಿದೆ. ನನ್ನ ಮಕ್ಕಳಿಗೆ ಅದು ಅರ್ಥವಾಗುತ್ತದೆ, ಆದರೆ ಅವರು ಫ್ರೆಂಚಿನಲ್ಲಿ ಉತ್ತರಿಸುತ್ತಾರೆ. ಮೊಮ್ಮಕ್ಕಳಿಗೆ ಅರ್ಥವೂ ಆಗುವುದಿಲ್ಲ. ಯಾವ ದಿನ ನಿಂತಿತೆಂದು ಕೇಳಬೇಡ. ನಮ್ಮಲ್ಲಿ ಯಾರೂ ಆ ದಿನವನ್ನು ಕಾಣಲಿಲ್ಲ.’

ಬಸ್ಸು ಸ್ಟ್ರಾಸ್‌ಬುರ್ಗಿನ ಕಡೆಗೆ ಹೊರಟಾಗ ವಿದ್ಯಾರ್ಥಿನಿ ಕಟ್ಟಿಕೊಂಡು ಬಂದಿದ್ದ ಚಪಾತಿ, ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿಯೇ ಉಳಿದವು.

ಸ್ಟ್ರಾಸ್‌ಬುರ್ಗಿನ ಮಹಾ ಇಗರ್ಜಿಯದು ವೋಜ್ ಬೆಟ್ಟಗಳ ಕೆಂಗಲ್ಲಿನ ಕಟ್ಟಡ. 1439ರಲ್ಲಿ ಪೂರ್ಣಗೊಂಡ ಅದರ ಶಿಖರದ ಎತ್ತರ 142 ಮೀಟರ್. ಸಹಪ್ರಯಾಣಿಕರು ಅದರ ಮುಂದೆ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದಾಗ ಆಕೆ ಬೀದಿಗಳ ಹೆಸರಿನ ಫಲಕಗಳನ್ನು ಓದುತ್ತ ಹಳೆಯ ಪೇಟೆಯಲ್ಲಿ ಸುತ್ತಿದಳು. ಮೇಲೆ ಫ್ರೆಂಚ್ ಹೆಸರು, ಕೆಳಗೆ ಅಲ್ಸೇಸಿನ ಹೆಸರು. ಕೆಳಗಿನ ಹೆಸರನ್ನು ಬೀದಿಯಲ್ಲಿ ಯಾರೂ ಉಚ್ಚರಿಸಿದ್ದು ಆಕೆಗೆ ಕೇಳಿಸಲಿಲ್ಲ.

ಭಾಷೆಯ ಚರಿತ್ರೆಯಲ್ಲಿ ಈ ನಗರಕ್ಕೆ ವಿಶಿಷ್ಟ ಸ್ಥಾನವಿದೆ. 842ರ ಫೆಬ್ರವರಿಯಲ್ಲಿ, ಶಾರ್ಲಮೇನ್ ಚಕ್ರವರ್ತಿಯ ಮೊಮ್ಮಕ್ಕಳಾದ ಲೂಯಿ ಮತ್ತು ಚಾರ್ಲ್ಸ್ ಇಲ್ಲಿ ಪರಸ್ಪರ ಮೈತ್ರಿಯ ಪ್ರಮಾಣ ಮಾಡಿದರು. ಪೂರ್ವದ ದೊರೆ ಲೂಯಿ ತನ್ನ ತಮ್ಮನ ಸೈನಿಕರಿಗೆ ತಿಳಿಯಲೆಂದು ರೋಮಾನ್ಸ್ ನುಡಿಯಲ್ಲಿ ಪ್ರಮಾಣವಚನ ಹೇಳಿದನು. ಪಶ್ಚಿಮದ ದೊರೆ ಚಾರ್ಲ್ಸ್ ಅಣ್ಣನ ಸೈನಿಕರಿಗಾಗಿ ಜರ್ಮಾನಿಕ್ ನುಡಿಯಲ್ಲಿ ಹೇಳಿದನು. ನಿತಾರ್ಡ್ ಎಂಬ ಇತಿಹಾಸಕಾರ ಎರಡೂ ವಚನಗಳನ್ನು ಆಯಾ ನುಡಿಯಲ್ಲಿಯೇ ದಾಖಲಿಸಿದ್ದಾನೆ. ಅದರ ರೋಮಾನ್ಸ್ ಪಾಠವನ್ನು ಫ್ರೆಂಚ್ ಭಾಷೆಯ ಮೊಟ್ಟಮೊದಲ ಲಿಖಿತ ರೂಪವೆಂದು ಪರಿಗಣಿಸುವ ವಾಡಿಕೆಯಿದೆ.

ಪದವಿ ತರಗತಿಯಲ್ಲಿ ‘ಕವಿರಾಜಮಾರ್ಗ’ವನ್ನು ಓದಿದ್ದವಳಿಗೆ ಈ ಕಾಲದ ಹೊಂದಿಕೆ ಹೊಳೆಯದೆ ಇರಲಿಲ್ಲ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದ ಆ ಕೃತಿಯ ಕಾಲವೂ ಸುಮಾರು 850. ಸ್ಟ್ರಾಸ್‌ಬುರ್ಗಿನಲ್ಲಿ ಇಬ್ಬರು ಅರಸರು ಎರಡು ದೇಶಭಾಷೆಗಳಿಗೆ ಪ್ರಮಾಣದ ಗೌರವ ಕೊಟ್ಟ ಆಸುಪಾಸಿನಲ್ಲಿಯೇ, ದಕ್ಷಿಣಾಪಥದಲ್ಲಿ ಒಂದು ದೇಶಭಾಷೆಗೆ ಕಾವ್ಯಶಾಸ್ತ್ರದ ಗೌರವ ದೊರೆಯುತ್ತಿತ್ತು. ಆ ಗ್ರಂಥ ಕಾವೇರಿ, ಗೋದಾವರಿಗಳ ಹೆಸರಿನಿಂದ ಕನ್ನಡ ನಾಡನ್ನು ಗುರುತಿಸಿತು. ಕನ್ನಡದ ದೇಸಿಗಳು ಎಷ್ಟೊಂದು ಬಗೆಯವೆಂದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂದು ಒಪ್ಪಿಕೊಂಡಿತು. ಬಗೆಬಗೆಯ ದೇಸಿಗಳಿರುವುದು ನುಡಿಗೆ ಕೊರತೆಯೆಂದು ಅದಕ್ಕೆ ಅನಿಸಲಿಲ್ಲ.

ಪ್ರಾದೇಶಿಕ ಹಾಗೂ ಅಲ್ಪಸಂಖ್ಯಾತ ಭಾಷೆಗಳ ರಕ್ಷಣೆಗೆಂದು ಯುರೋಪ್ ಮಂಡಲಿಯು 1992ರಲ್ಲಿ ಸನ್ನದೊಂದನ್ನು ಹೊರಡಿಸಿತು. ಮಂಡಲಿಯ ಕೇಂದ್ರ ಕಚೇರಿ ಇರುವುದು ಸ್ಟ್ರಾಸ್‌ಬುರ್ಗಿನಲ್ಲಿಯೇ. ಫ್ರಾನ್ಸ್ 1999ರಲ್ಲಿ ಅದಕ್ಕೆ ಸಹಿ ಹಾಕಿತು, ಆದರೆ ಸ್ಥಿರೀಕರಿಸಲಿಲ್ಲ. ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ವಾಕ್ಯ ಅಲ್ಲಿನ ಸಂವಿಧಾನದೊಳಗೆ ಸೇರಿದ್ದೂ 1992ರಲ್ಲಿಯೇ. ಕಾಸರಗೋಡಿನವರಿಗೆ ಇಂತಹ ಕಾಗದಪತ್ರಗಳ ಕಥೆ ಹೊಸತಲ್ಲ. 1956ರ ನವೆಂಬರ್ 1ರಂದು ಆ ನಾಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ಕಾಗದದಲ್ಲಿಯೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಆ ವಿಲೀನದ ಹಂಬಲವನ್ನು ನೂರರ ವಯಸ್ಸಿನವರೆಗೂ ಹೊತ್ತು ಬದುಕಿದರು. ಗಡಿಯೇ ಎಲ್ಲ ದುಃಖಕ್ಕೂ ಮೂಲವೆಂಬ ಮಾತನ್ನು ವಿದ್ಯಾರ್ಥಿನಿ ಬಾಲ್ಯದಿಂದಲೂ ಕೇಳಿದ್ದಳು.

ಭಾನುವಾರ ಬಾಸೆಲಿನ ಗಡಿಯಲ್ಲಿ ಅಧಿಕಾರಿಗಳು ಬಸ್ಸನ್ನೇರಿದರು. ಉಳಿದವರ ಗುರುತಿನ ಚೀಟಿಗಳನ್ನು ಒಮ್ಮೆ ನೋಡಿ ಮುಂದೆ ಸರಿದವರು ಆಕೆಯ ಪಾಸ್‌ಪೋರ್ಟನ್ನೂ ವಾಸದ ಪರವಾನಗಿಯನ್ನೂ ಎರಡು ಬಾರಿ ತಿರುವಿದರು.

ಬಾಸೆಲಿನಲ್ಲಿ ಕನ್ನಡಿಗರು ಹುಡುಕಿಕೊಂಡು ಹೋಗುವ ಬೀದಿಯೊಂದಿದೆ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಕಟ್ಟಡ ಅಲ್ಲಿದೆ. ಅದರ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು; ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಹೊರಬಂತು. ಭಾನುವಾರವಾದ್ದರಿಂದ ಬಾಗಿಲು ಮುಚ್ಚಿತ್ತು. ಆಕೆ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು ನದಿಯ ಕಡೆಗೆ ನಡೆದಳು.

ಅಲ್ಲಿ ಕಡವಿನ ದೋಣಿಗಳಿವೆ. ಅವುಗಳಿಗೆ ಎಂಜಿನ್ ಇಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದಿರುತ್ತಾರೆ. ಚುಕ್ಕಾಣಿಯ ಓರೆಗೆ ತಕ್ಕಂತೆ ನೀರಿನ ಸೆಳೆತವೇ ಅದನ್ನು ಆಚೆ ದಡಕ್ಕೆ ಒಯ್ಯುತ್ತದೆ. ಆಕೆ ಹತ್ತಿದ ದೋಣಿಯಲ್ಲಿ ಅಂಬಿಗನೂ ಸೂಟು ತೊಟ್ಟ ಒಬ್ಬ ಗೃಹಸ್ಥನೂ ಇಬ್ಬರು ಶಾಲಾಬಾಲಕಿಯರೂ ಮಾತಾಡುತ್ತಿದ್ದರು. ಎಲ್ಲರದೂ ಒಂದೇ ಮಾತು, ಕೋಲ್ಮಾರಿನ ಶಿಕ್ಷಕಿ ಚಾಲಕನೊಡನೆ ಆಡಿದ ಮಾತಿನ ಒಡಹುಟ್ಟು. ಇಲ್ಲಿ ಅದನ್ನು ಬ್ಯಾಂಕಿನಲ್ಲಿ, ಟ್ರಾಮಿನಲ್ಲಿ, ಆಸ್ಪತ್ರೆಯಲ್ಲಿ ಆಡುತ್ತಾರೆ. ಬರೆಯುವುದಕ್ಕೂ ಪಾಠಕ್ಕೂ ಶಿಷ್ಟ ಜರ್ಮನ್. ಆದರೆ ಪಾಠ ಮುಗಿದೊಡನೆ ಶಿಕ್ಷಕರೂ ಮಕ್ಕಳೂ ಮನೆಮಾತಿಗೆ ಮರಳುತ್ತಾರೆ. ಶಾಲೆ ಆ ಮಾತನ್ನು ಕಲಿಸುವುದಿಲ್ಲವಾದರೂ ಅದಕ್ಕಾಗಿ ಮಕ್ಕಳು ನಾಚುವಂತೆ ಮಾಡುವುದಿಲ್ಲ. ಫ್ರೈಬುರ್ಗಿನ ಸುತ್ತ ಅದೇ ನುಡಿ ಹಳ್ಳಿಗಳಲ್ಲಿಯೂ ಹಬ್ಬದ ಹಾಸ್ಯದಲ್ಲಿಯೂ ಉಳಿದುಕೊಂಡಿದೆ. ಅಲ್ಸೇಸಿನಲ್ಲಿ ಅದು ಅಜ್ಜಿಯರ ಮಾತಾಗಿದೆ. 1990ರ ದಶಕದಿಂದ ಅಲ್ಲಿ ಬೆಳೆದ ದ್ವಿಭಾಷಾ ತರಗತಿಗಳು ಮೊಮ್ಮಕ್ಕಳಿಗೆ ಕಲಿಸುವುದು ಹೆಚ್ಚಾಗಿ ಶಿಷ್ಟ ಜರ್ಮನ್ನನ್ನೇ.

ಗಡಿ ಎಲ್ಲಿ ಬಿದ್ದಿತೆಂಬುದೊಂದೇ ಇದಕ್ಕೆ ಕಾರಣವೆಂದು ಇನ್ನು ಹೇಳುವುದು ಆಕೆಗೆ ಕಷ್ಟವಾಯಿತು. ಮನೆಮಾತನ್ನು ಮನೆಯೇ ಕಾಯುತ್ತದೆಂಬ ತನ್ನ ಸಿದ್ಧ ಉತ್ತರವೂ ದೋಣಿ ಆಚೆ ದಡ ಮುಟ್ಟುವಾಗ ಕೈಜಾರಿತ್ತು.

ಸಂಜೆ ಬಸ್ಸು ಫ್ರೈಬುರ್ಗಿನತ್ತ ಹೊರಟಿತು. ಕೊಠಡಿ ಸೇರುವ ತನಕ ಕಾಯದೆ, ಭಾರತದಲ್ಲಿ ರಾತ್ರಿ ಹೆಚ್ಚಾಗುವ ಮುನ್ನವೇ ಆಕೆ ಅಣ್ಣನಿಗೆ ಕರೆ ಮಾಡಿದಳು. ಉಪದೇಶವೇನನ್ನೂ ಹೇಳಲಿಲ್ಲ. ಕೋಲ್ಮಾರಿನ ಶಿಕ್ಷಕಿಯ ಮಾತುಗಳನ್ನು ಹೇಳಿದಳು. ಮಕ್ಕಳು, ಮೊಮ್ಮಕ್ಕಳು, ಯಾರೂ ಕಾಣದ ಆ ದಿನ. ಅಣ್ಣ ಬಹಳ ಹೊತ್ತು ಸುಮ್ಮನಿದ್ದನು. ಇದನ್ನು ನಾನು ಅಪ್ಪನಿಗೆ ಹೇಳಲೇ ಎಂದು ಕೊನೆಗೆ ಕೇಳಿದನು. ಅಪ್ಪನಿಗೆ ಗೊತ್ತಿರುವುದರಿಂದಲೇ ಅವರು ಸುಮ್ಮನಿದ್ದಾರೆ ಎಂದಳು ಆಕೆ.

ಅಷ್ಟರಲ್ಲಿ ಹುಡುಗ ಫೋನನ್ನು ಕಸಿದುಕೊಂಡಿದ್ದನು.

‘ಅತ್ತೇ, ಅಲ್ಲಿ ಹೊಳೆ ಇದ್ದಾ?’

‘ಇದ್ದು ಮಗಾ’ ಎಂದಳು ಆಕೆ, ‘ದೊಡ್ಡ ಹೊಳೆ ಇದ್ದು.’

ಪಕ್ಕದ ಸೀಟಿನ ಸಹಪಾಠಿ ಅದು ಯಾವ ಭಾಷೆಯೆಂದು ಕೇಳಿದನು. ಕನ್ನಡವೆಂದು ಹೇಳಹೊರಟವಳು ಒಂದು ಕ್ಷಣ ತಡೆದು, ಕನ್ನಡದೊಳಗೆ ನಮ್ಮ ಮನೆಯ ಮಾತು ಎಂದಳು.