ಇಳಿವಯಸ್ಸಿನ ಅಕ್ಷರಾಭ್ಯಾಸ

ಮಕ್ಕಳಿಗೆ ಐದನೆಯ ವರ್ಷದಲ್ಲಿ ಅಕ್ಷರಾಭ್ಯಾಸ ಮಾಡಿಸುವುದು ನಮ್ಮ ಹಿರಿಯರ ಪದ್ಧತಿ. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಮಗುವಿನ ಬೆರಳನ್ನು ಹಿಡಿದು, ಮೊದಲ ಅಕ್ಷರವನ್ನು ಬರೆಯಿಸುತ್ತಾರೆ. ನಮಗೆ ಈ ಸಂಸ್ಕಾರವು ಎರಡು ಸಲ ಆಯಿತು. ಮೊದಲನೆಯದು ಎಲ್ಲರಂತೆ ಬಾಲ್ಯದಲ್ಲಿ. ಎರಡನೆಯದು ಕ್ರೋಧಿ ಸಂವತ್ಸರದ ಯುಗಾದಿಯ ದಿನ, ಎಂದರೆ 2024ನೆಯ ಇಸವಿ ಏಪ್ರಿಲ್ 9ರಂದು, ನಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಈ ಸಲ ಅಕ್ಕಿಯ ತಟ್ಟೆಯ ಬದಲು ಗಣಕಯಂತ್ರದ ಕೀಲಿಮಣೆ ಇದ್ದಿತು. ಬೆರಳು ಹಿಡಿದು ಬರೆಯಿಸಿದವಳು ನಮ್ಮ ಹದಿನಾಲ್ಕು ವರ್ಷದ ಮೊಮ್ಮಗಳು.

ಈ ವಯಸ್ಸಿನಲ್ಲಿ ಇದೆಲ್ಲ ಯಾತಕ್ಕೆ ಎಂದು ವಾಚಕರು ಕೇಳಬಹುದು. ಹಬ್ಬದ ಬೆಳ್ಳಿಯ ಪಾತ್ರೆಗಳನ್ನು ತೆಗೆಯುವುದಕ್ಕೆಂದು ಹಳೆಯ ಪೆಟ್ಟಿಗೆಯನ್ನು ಬಿಚ್ಚಿದಾಗ, ಅದರ ತಳದಲ್ಲಿ ನಮ್ಮ ತಾಯಿಯವರ ಹಾಡಿನ ಪುಸ್ತಕವು ಸಿಕ್ಕಿತು. ಅವರು ಮದುವೆಯಾದ ವರ್ಷ, 1940ರಲ್ಲಿ, ಮಾವನವರ ಲೆಕ್ಕದ ಪುಸ್ತಕವೊಂದನ್ನು ಕೇಳಿ ಪಡೆದು ಅದರಲ್ಲಿ ಬರೆಯಲು ತೊಡಗಿದ್ದರಂತೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ಬೀಗಿತ್ತಿಯನ್ನು ಪರಿಹಾಸ ಮಾಡುವ ಹಾಡು, ತೊಟ್ಟಿಲ ಹಾಡು, ಹೀಗೆ ಅರವತ್ತನಾಲ್ಕು ಹಾಡುಗಳು. ಆ ಕಾಲದ ನೀಲಿಗಪ್ಪು ಶಾಯಿಯಲ್ಲಿ ಕಬ್ಬಿಣದ ಅಂಶವೂ ಹುಳಿಯೂ ಇರುತ್ತಿದ್ದುವು. ಅವು ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತವೆ. ನಾವು ಮೊದಲ ಹಾಳೆಯನ್ನು ತಿರುವಿದಾಗ ಅದರ ಮೂಲೆಯು ಹಪ್ಪಳದ ಚೂರಿನಂತೆ ಕೈಗೆ ಬಂದಿತು. ಉಳಿದ ಅರ್ಧಭಾಗವು ಕಾಪಿಯಿಂಗ್ ಪೆನ್ಸಿಲಿನ ಬರಹ. ತೇವ ತಗುಲಿದ ಕಡೆಗಳಲ್ಲೆಲ್ಲ ನೇರಳೆಯ ಬಣ್ಣವು ಹರಡಿ ಅಕ್ಷರಗಳು ಒಂದರೊಳಗೊಂದು ಕಲೆತುಹೋಗಿದ್ದುವು.

ಇದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದು. ತಾಯಿಯವರು ಪ್ರತಿಯೊಂದು ಹಾಡಿನ ಮೇಲೆಯೂ 'ಮಟ್ಟು' ಎಂದು ಬರೆದು, ಅದು ಬೇರೆ ಯಾವ ಹಾಡಿನಂತೆ ನಡೆಯುವುದೆಂದು ಸೂಚಿಸಿದ್ದರು. ಆ ಬೇರೆ ಹಾಡಿನ ಮಟ್ಟು ಮತ್ತೊಂದರಂತೆ. ಆ ಮತ್ತೊಂದರ ಮಟ್ಟು ಯಾರಿಗೆ ಗೊತ್ತು? ಇಡೀ ವಂಶದಲ್ಲಿ ಅದು ಗೊತ್ತಿದ್ದವಳು ತೀರ್ಥಹಳ್ಳಿಯಲ್ಲಿರುವ ನಮ್ಮ ಅಕ್ಕ ಒಬ್ಬಳೇ. ಆಕೆಗೆ ಎಂಬತ್ತೆರಡು ವರ್ಷ. ಪುಸ್ತಕವನ್ನು ಅಕ್ಷರದಲ್ಲಿಯೂ, ಅಕ್ಕನ ಕಂಠವನ್ನು ಯಂತ್ರದಲ್ಲಿಯೂ ಇಳಿಸಿಡಬೇಕು, ಅದನ್ನು ಪರರ ಕೈಯಿಂದ ಮಾಡಿಸದೆ ನಾವೇ ಕಲಿತು ಮಾಡಬೇಕು ಎಂದು ಆ ದಿನವೇ ನಿಶ್ಚಯಿಸಿದೆವು.

ಮೊದಲು ಕಲಿತದ್ದು ಕೀಲಿ ಒತ್ತುವುದನ್ನು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡದ ಸ್ವರ, ವ್ಯಂಜನ, ಕಾಗುಣಿತ, ಒತ್ತು ಇವೆಲ್ಲ ಹೇಗೆ ಅಡಗಿಯಾವು ಎಂಬುದು ನಮ್ಮ ಸಂದೇಹವಾಗಿದ್ದಿತು. ಕಿನ್ನಿಕಂಬಳ ಪದ್ಮನಾಭ ರಾಯರು ಯೋಜಿಸಿದ ವಿನ್ಯಾಸವನ್ನು ಕಂಡ ಮೇಲೆ ಆ ಸಂದೇಹವು ಪರಿಹಾರವಾಯಿತು. ಕೀಲಿಯನ್ನು ಸುಮ್ಮನೆ ಒತ್ತಿದರೆ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ'. ಇಂಗ್ಲಿಷಿನಲ್ಲಿ ಸರಿಜೋಡಿ ಇಲ್ಲದ 'ಟ'ಕಾರಕ್ಕೆ ಡಬ್ಲ್ಯು ಕೀಲಿ, 'ಷ'ಕಾರಕ್ಕೆ ಎಕ್ಸ್ ಕೀಲಿ. ಎಫ್ ಎಂಬ ಕೀಲಿಯೊಂದು ಎರಡು ವ್ಯಂಜನಗಳ ನಡುವೆ ಬಂದು ಅವನ್ನು ಬೆಸೆಯುತ್ತದೆ. 'ಕ', ಎಫ್, 'ಷ' ಎಂದು ಕ್ರಮವಾಗಿ ಒತ್ತಿದರೆ 'ಕ್ಷ' ಸಿದ್ಧ.

ಅರ್ಕಾವೊತ್ತಿನಲ್ಲಿ ಮಾತ್ರ ಬಹಳ ದಿನ ಎಡವಿದೆವು. 'ಸೂರ್ಯ' ಎಂದು ಕೈಯಲ್ಲಿ ಬರೆಯುವಾಗ ನಾವು ಮೊದಲು 'ಯ' ಬರೆದು ಅನಂತರ ಅರ್ಕಾವೊತ್ತನ್ನು ಇಡುತ್ತೇವೆ. ಕೀಲಿಮಣೆಯಲ್ಲಿ ಹಾಗೆ ಮಾಡಿದರೆ ಶಬ್ದವು ಕೆಡುತ್ತದೆ. 'ರ'ಕಾರವನ್ನು ಮೊದಲು ಒತ್ತಬೇಕು. ಯಂತ್ರವು ತಾನಾಗಿ ಅದನ್ನು ಹಿಂದಕ್ಕೆ ಒಯ್ದು ಇಡುತ್ತದೆ. ನಾವು ಹತ್ತನೆಯ ಸಲ ತಪ್ಪಿದಾಗ ಮೊಮ್ಮಗಳು, "ಅಜ್ಜಿ, ಕಣ್ಣಿಗೆ ಕಂಡ ಹಾಗಲ್ಲ, ಬಾಯಿಗೆ ಬಂದ ಹಾಗೆ ಒತ್ತಬೇಕು" ಎಂದಳು. ಅರವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಬರೆದಿದ್ದರೂ, ನಾವು ಬರೆಯುವ ಕ್ರಮವೂ ನುಡಿಯುವ ಕ್ರಮವೂ ಇಲ್ಲಿ ಬೇರೆಯಾಗಿರುವುದು ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ.

ಇನ್ನೊಂದು ಸಂಗತಿಯೂ ನಮಗೆ ಸಂತೋಷವನ್ನುಂಟುಮಾಡಿತು. ಹಿಂದೆ ಒಂದು ಯಂತ್ರದಲ್ಲಿ ಬರೆದ ಕನ್ನಡವು, ಅದೇ ಅಕ್ಷರಮಾದರಿ ಇಲ್ಲದ ಮತ್ತೊಂದು ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ತೋರುತ್ತಿದ್ದಿತು. ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದು ಅಂಕೆಯನ್ನು ಗೊತ್ತುಮಾಡಿದ್ದಾರೆ. 1991ರಲ್ಲಿ ಹೊರಟ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತು. ನಮ್ಮ 'ಕ'ಕಾರದ ಅಂಕೆ 3221. ತಾಯಿಯವರ ಹಾಡನ್ನು ನಾವು ಮೈಸೂರಿನಲ್ಲಿ ಬರೆದರೆ, ದೂರದೇಶದಲ್ಲಿರುವ ಮಗನ ಯಂತ್ರವೂ ಅದನ್ನು ಕನ್ನಡವಾಗಿಯೇ ತೋರಿಸುವುದು.

ಎರಡನೆಯ ವಿದ್ಯೆ ಚಿತ್ರ ತೆಗೆಯುವುದು. ಹಳೆಯ ಪುಸ್ತಕವನ್ನು ಒತ್ತಿ ಅಗಲಿಸಕೂಡದು. ಮಿಂಚುದೀಪವನ್ನು ಉಪಯೋಗಿಸಿದರೆ ಹಾಳೆಯ ನಡುವೆ ಬಿಳಿಯ ಮಚ್ಚೆ ಬೀಳುತ್ತದೆ. ಕಿಟಕಿಯ ತಂಪು ಬೆಳಕೇ ಉತ್ತಮ. ಒಂದು ಸಂಜೆ ಬೆಳಕು ಓರೆಯಾಗಿ ಬಿದ್ದಾಗ, ಬಣ್ಣ ಮಾಸಿ ಬರಿದಾಗಿದ್ದ ಸಾಲಿನಲ್ಲಿ ಪೆನ್ಸಿಲು ಊರಿದ ಗೆರೆಗಳು ಉಳುಮೆಯ ಸಾಲುಗಳಂತೆ ಎದ್ದು ಕಂಡುವು. ತಾಯಿಯವರು ಪೆನ್ಸಿಲನ್ನು ಬಹಳ ಒತ್ತಿ ಬರೆಯುತ್ತಿದ್ದರು. ಅದರಿಂದಲೇ ಮೂರು ಹಾಡುಗಳು ಉಳಿದುವು.

ಆಷಾಢದಲ್ಲಿ ತೀರ್ಥಹಳ್ಳಿಗೆ ಹೋದೆವು. ಮಲೆನಾಡಿನ ಆಷಾಢದ ಮಳೆಯನ್ನು ಬಲ್ಲವರು ನಮ್ಮ ಅವಿವೇಕಕ್ಕೆ ನಗದಿರಲಾರರು. ಒಂದು ಸೆಕೆಂಡಿನ ಸದ್ದನ್ನು 44,100 ಸಲ ಅಳೆದು ಇಡುವ ಯಂತ್ರಕ್ಕೆ ಹಂಚಿನ ಮೇಲಣ ಮಳೆಯೂ ಒಂದೇ, ಅಕ್ಕನ ಕಂಠವೂ ಒಂದೇ. ಮಳೆ ಬಿಟ್ಟ ಹೊತ್ತನ್ನು ಕಾಯಬೇಕು, ಬೀಸಣಿಗೆಯನ್ನು ನಿಲ್ಲಿಸಬೇಕು, ಫ್ರಿಜ್ಜಿನ ಗೊರಗೊರವನ್ನು ಅಡಗಿಸಬೇಕು. "ಏನೇ ಇದು, ಹಾಡು ಕೇಳೋದಕ್ಕೆ ಬಂದ್ಯೋ, ನನ್ನ ಮನೆ ದೀಪ ಆರಿಸೋದಕ್ಕೆ ಬಂದ್ಯೋ?" ಎಂದು ಅಕ್ಕ ನಕ್ಕಳು. ಆದರೂ ನಾಲ್ಕು ದಿನಗಳಲ್ಲಿ ಇಪ್ಪತ್ತಾರು ಹಾಡುಗಳನ್ನು ಹಾಡಿದಳು. ಮಟ್ಟುಗಳಿದ್ದುದೇ ಅಷ್ಟು, ಉಳಿದವೆಲ್ಲ ಅವನ್ನನುಸರಿಸಿ ನಡೆಯತಕ್ಕವು. ಕಡೆಯ ದಿನದ ಆರರಲ್ಲಿ, ಅಜ್ಜಿಯವರಿಂದ ತಾಯಿಯವರು ಬೀಸುವ ಕಲ್ಲಿನ ಮುಂದೆ ಕಲಿತ ಪದವೊಂದಿದ್ದಿತು. ಅದು ಪುಸ್ತಕದಲ್ಲಿಯೂ ಇಲ್ಲ.

ಈಗ ನಮ್ಮ ತಪ್ಪನ್ನು ಹೇಳಬೇಕು. ಮೊದಲ ಮೂರು ದಿನಗಳ ಹಾಡುಗಳನ್ನು ಆಯಾ ರಾತ್ರಿಯೇ ಮೊಮ್ಮಗಳಿಗೆ ಕಳುಹಿಸಿದ್ದೆವು. ನಾಲ್ಕನೆಯ ದಿನ ಮಳೆಗೆ ಸಂಪರ್ಕವು ಕಡಿದುಹೋಗಿದ್ದಿತು. ಆರು ಹಾಡುಗಳನ್ನು ಒಂದು ಪೆನ್ ಡ್ರೈವಿಗೆ ಸಾಗಿಸಿ, ಮೊಬೈಲಿನಲ್ಲಿ ಜಾಗ ಸಾಲದೆಂದು ಅಲ್ಲಿದ್ದುದನ್ನು ಅಳಿಸಿದೆವು. ಹೊಸ ವಿದ್ಯೆ ಕೈಗೆ ಬಂದಿತೆಂಬ ಹೆಮ್ಮೆಯಿಂದ, ಮರುದಿನ ಸೇತುವೆಯ ಮೇಲೆ ನಿಂತು ತುಂಗೆಯ ಕೆಂಪು ನೀರಿನ ಚಿತ್ರಗಳನ್ನು ಮನಸ್ವಿಯಾಗಿ ತೆಗೆದೆವು. ಮನೆಗೆ ಬಂದು ನೋಡಿದರೆ ಪೆನ್ ಡ್ರೈವು ತೆರೆಯಲಿಲ್ಲ. ಮೊಬೈಲಿನಲ್ಲಿ ಅಳಿಸಿದ ಜಾಗವನ್ನು ಹೊಳೆಯ ಚಿತ್ರಗಳು ಆಕ್ರಮಿಸಿದ್ದುವು. ದುರಸ್ತಿಯವರು ಎರಡು ವಾರ ಇಟ್ಟುಕೊಂಡು ಕೈಚೆಲ್ಲಿದರು. ಒಂದು ವಸ್ತುವಿಗೆ ಮೂರು ಪ್ರತಿಗಳಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೆ ಊರಿನಲ್ಲಿರಬೇಕು ಎಂಬುದು ಈ ವಿದ್ಯೆಯ ಪ್ರಥಮ ಪಾಠ. ನಾವು ಅದನ್ನು ಕಡೆಯಲ್ಲಿ ಕಲಿತೆವು.

ದೀಪಾವಳಿಗೆ ಹೋಗಿ ಪುನಃ ಹಾಡಿಸಿದರಾಯಿತೆಂದು ಸಮಾಧಾನ ತಂದುಕೊಂಡೆವು. ಆಶ್ವಯುಜದಲ್ಲಿ ಅಕ್ಕನಿಗೆ ಪಾರ್ಶ್ವವಾಯು ತಗುಲಿತು. ಕಾರ್ತಿಕದಲ್ಲಿ ನಾವು ಹೋದಾಗ ಆಕೆ ಒರಗುದಿಂಬಿಗೆ ಒರಗಿ ಕುಳಿತಿದ್ದಳು, ಮಾತುಗಳು ಒಂದೊಂದಾಗಿ ತಡೆದು ತಡೆದು ಬರುತ್ತಿದ್ದುವು, ಸ್ವರವು ನಿಲ್ಲುತ್ತಿರಲಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ನಡೆದುದನ್ನು ಒಪ್ಪಿಕೊಂಡೆವು. ಅಕ್ಕ ಬಹಳ ಹೊತ್ತು ನಮ್ಮನ್ನು ನೋಡಿ, "ನೀನು ಹಾಡು" ಎಂದಳು.

ನಾವು ಎಂದೂ ಹಾಡಿದವರಲ್ಲ. ಮನೆಯ ಕಿರಿಯ ಮಗಳಾದ ಕಾರಣ, ಹಿರಿಯರು ಹಾಡುವಾಗ ಆರತಿಯ ತಟ್ಟೆ ಹಿಡಿದು ನಿಲ್ಲುವುದೇ ನಮ್ಮ ಪಾಲಿಗೆ ಬಂದ ಕೆಲಸ. ಅಕ್ಕ ತನ್ನ ಸರಿಯಿದ್ದ ಎಡಗೈಯನ್ನು ನಮ್ಮ ಮೊಣಕಾಲಿನ ಮೇಲಿಟ್ಟಳು. ಸ್ವರವು ಏರಬೇಕಾದಲ್ಲಿ ಬೆರಳೆತ್ತುವಳು, ಇಳಿಯಬೇಕಾದಲ್ಲಿ ಒತ್ತುವಳು, ತಪ್ಪಿದಲ್ಲಿ ತಟ್ಟುವಳು. ಬೀಸುವ ಪದದ ನುಡಿಗಳನ್ನು ಒಂದೊಂದು ಮಾತಾಗಿ ಹೇಳಿದಳು. ಐದು ದಿನಗಳಲ್ಲಿ ನಾಲ್ಕು ಹಾಡುಗಳು ನಮ್ಮ ಒರಟು ಕಂಠಕ್ಕೆ ಬಂದುವು. ಉಳಿದೆರಡರ ವಿಷಯದಲ್ಲಿ ನಾವು ಏನು ಹಾಡಿದರೂ ಅಕ್ಕ "ಅದಲ್ಲ" ಎನ್ನುತ್ತಿದ್ದಳು. ಯಾವುದೆಂದು ತೋರಿಸಲಾರಳು, ಅಲ್ಲವೆಂಬುದು ಮಾತ್ರ ಆಕೆಗೆ ನಿಶ್ಚಯವಾಗಿ ತಿಳಿಯುತ್ತಿದ್ದಿತು. ಆರನೆಯ ದಿನ ನಾವಿಬ್ಬರೂ ಆ ಪ್ರಯತ್ನವನ್ನು ಬಿಟ್ಟೆವು.

ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' 1931ರಲ್ಲಿ ಅಚ್ಚಾಯಿತು. ಅವರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡವರು. ನಮ್ಮ ಕೈಯಲ್ಲಿದ್ದಂತಹ ಯಂತ್ರವು ಅವರಲ್ಲಿರಲಿಲ್ಲ. ಎದುರಿಗೆ ಕುಳಿತು ಕೇಳುವ ತಾಳ್ಮೆ ಇದ್ದಿತು. ಯಂತ್ರವನ್ನು ನಾವು ಹಳಿಯುವುದಿಲ್ಲ. ಇಪ್ಪತ್ತು ಹಾಡುಗಳಲ್ಲಿ ಅಕ್ಕನ ಹಳೆಯ ಕಂಠವು ಇಂದಿಗೂ ಕೇಳುತ್ತಿರುವುದು ಅದರ ಉಪಕಾರವೇ ಸರಿ. ಆದರೆ ಅದಿದೆಯೆಂಬ ಧೈರ್ಯದಿಂದ ನಾವು ಆಷಾಢದಲ್ಲಿ ಹಾಡುಗಳನ್ನು ಹಿಡಿದಿಟ್ಟೆವೇ ಹೊರತು ಕಲಿಯಲಿಲ್ಲ. ಅಕ್ಕ ಹಾಡುತ್ತಿದ್ದಾಗ ನಮ್ಮ ಕಣ್ಣು ಯಂತ್ರದ ಮೇಲೆ ಇದ್ದಿತು.

ಮನೆಯಲ್ಲಿ ಹಿರಿಯರಿರುವ ವಾಚಕರು ಇದರಿಂದ ತಮಗೆ ಬೇಕಾದುದನ್ನು ತೆಗೆದುಕೊಳ್ಳಬಹುದು. ಕೇಳುವುದನ್ನು ಹಬ್ಬಕ್ಕೆಂದು ಮುಂದೂಡಬೇಡಿರಿ. ಯಂತ್ರವನ್ನೂ ಇಡಿರಿ, ಒಂದು ಸಲ ಜೊತೆಯಲ್ಲಿ ಹಾಡಿಯೂ ಬಿಡಿರಿ.

2025ನೆಯ ಇಸವಿ ಮಾರ್ಚ್ 30ರಂದು, ವಿಶ್ವಾವಸು ಸಂವತ್ಸರದ ಯುಗಾದಿಗೆ, ನಮ್ಮ ಬೆರಳಿನಿಂದಲೇ ಸಿದ್ಧವಾದ ಪುಸ್ತಕವನ್ನು ದಪ್ಪಕ್ಷರದಲ್ಲಿ ತೆಗೆಯಿಸಿ ಅಕ್ಕನ ಕೈಯಲ್ಲಿ ಇಟ್ಟೆವು. ಅರವತ್ತೈದು ಹಾಡುಗಳು, ಬೀಸುವ ಪದವೂ ಸೇರಿದೆ. ಎರಡು ಹಾಡುಗಳಲ್ಲಿ ಮಾತ್ರ ಮೇಲುಗಡೆ 'ಮಟ್ಟು' ಎಂದು ಬರೆದು ಮುಂದಕ್ಕೆ ಏನನ್ನೂ ಬರೆಯದೆ ಬಿಟ್ಟಿದ್ದೇವೆ. ಅಕ್ಕ ಹಾಳೆಗಳನ್ನು ನಿಧಾನವಾಗಿ ತಿರುವುತ್ತ ಅಲ್ಲಿಗೆ ಬಂದು, ಆ ಬರಿಯ ಜಾಗವನ್ನು ಬೆರಳಿನಿಂದ ಎರಡು ಸಲ ತಟ್ಟಿ, ಮುಂದಿನ ಹಾಳೆಗೆ ಹೋದಳು.