ಜೋಶೀಮಠದ ಮೇಲಣ ಹಿಮ

ಬದರೀನಾಥದ ಹಾದಿಯೆಂದರೆ ಬೇಸಗೆಯ ಯಾತ್ರಿಕರ ಹಾದಿಯೆಂದೇ ನಮ್ಮವರ ತಿಳಿವಳಿಕೆ. ಚಳಿಗಾಲದಲ್ಲಿ ದೇವಾಲಯದ ಬಾಗಿಲು ಮುಚ್ಚಿರುತ್ತದೆ. ಊರಿಗೆ ಊರೇ ಹಿಮದ ಕೆಳಗೆ ಮಲಗಿರುತ್ತದೆ. ಆದರೆ ಆ ಹಾದಿ ಮುಗಿಯುವುದಕ್ಕೆ ಮುಂಚೆ ಜೋಶೀಮಠವೆಂಬ ಊರೂ, ಅದರ ನೆತ್ತಿಯ ಮೇಲೆ ಔಲಿಯೆಂಬ ಇಳಿಜಾರು ಹುಲ್ಲುಗಾವಲೂ ಇವೆ. ಮಾಘಮಾಸದಲ್ಲಿ ಈ ಹುಲ್ಲುಗಾವಲು ಹಿಮದಿಂದ ಮುಚ್ಚಿಹೋಗಿ, ಸ್ಕೀ ಎಂಬ ಜಾರಾಟಕ್ಕೆ ನೆಲೆಯಾಗುತ್ತದೆ. 2024ರ ಫೆಬ್ರವರಿಯಲ್ಲಿ ನಾವು ದಂಪತಿಗಳು ದಿಲ್ಲಿಯಿಂದ ನಮ್ಮ ಮೋಟಾರಿನಲ್ಲಿಯೇ ಅಲ್ಲಿಗೆ ಹೋಗಿಬಂದೆವು.

ದಿಲ್ಲಿಯಿಂದ ಹೃಷೀಕೇಶದವರೆಗಿನ ದಾರಿಯನ್ನು ವರ್ಣಿಸುವ ಅಗತ್ಯವಿಲ್ಲ. ಕಬ್ಬಿನ ಗಾಡಿಗಳು, ಮಂಜು, ಮತ್ತೆ ಕಬ್ಬಿನ ಗಾಡಿಗಳು. ಹೃಷೀಕೇಶದಲ್ಲಿ ರಾತ್ರಿ ತಂಗಿ, ಮರುದಿನ ಬೆಳಕು ಹರಿಯುವುದಕ್ಕೆ ಮೊದಲೇ ಹೊರಟೆವು. ಅಲ್ಲಿಂದ ಜೋಶೀಮಠಕ್ಕೆ ಸುಮಾರು 250 ಕಿಲೋಮೀಟರು. ಬಯಲುಸೀಮೆಯವರು ಮೂರು ನಾಲ್ಕು ಗಂಟೆಯ ದಾರಿಯೆಂದಾರು. ಬೆಟ್ಟ ಇಡೀ ಹಗಲನ್ನು ಕೇಳುತ್ತದೆ. ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರನ್ನು ಪಡೆಯುತ್ತವೆ. ಅಲ್ಲಿಂದ ಮುಂದೆ ಅಲಕನಂದೆ ನಮ್ಮ ಸಂಗಾತಿ. ರುದ್ರಪ್ರಯಾಗದಲ್ಲಿ ಮಂದಾಕಿನಿ, ಕರ್ಣಪ್ರಯಾಗದಲ್ಲಿ ಪಿಂಡಾರ, ನಂದಪ್ರಯಾಗದಲ್ಲಿ ನಂದಾಕಿನಿ ಬಂದು ಅವಳನ್ನು ಸೇರುತ್ತವೆ. ಮಳೆಗಾಲದಲ್ಲಿ ಕೆಸರಾಗಿ ಮೊರೆಯುವ ಈ ನದಿಗಳು ಚಳಿಗಾಲದಲ್ಲಿ ಪಚ್ಚೆಯ ಬಣ್ಣಕ್ಕೆ ತಿರುಗಿ, ತಳದ ಕಲ್ಲುಗಳನ್ನು ಎಣಿಸಬಹುದಾದಷ್ಟು ತಿಳಿಯಾಗಿರುತ್ತವೆ. ಪಂಚಪ್ರಯಾಗಗಳನ್ನು ಕಾಣಬೇಕೆನ್ನುವವರಿಗೆ ಇದೇ ಸಮಯವೆಂದು ನಮ್ಮ ಅಭಿಪ್ರಾಯ. ಪುಣ್ಯದ ವಿಚಾರವನ್ನು ಬಲ್ಲವರು ಹೇಳಲಿ.

ಈ ರಸ್ತೆಯನ್ನು ಅಗಲ ಮಾಡುವ ಕಾರ್ಯವು 2016ರ ಡಿಸೆಂಬರಿನಿಂದ ನಡೆದುಬಂದಿದೆ. ಮೋಟಾರು ನಡೆಸುವವರಿಗೆ ಇದರಿಂದ ಸುಖವೇನೋ ಸರಿಯೆ. ಆದರೆ ಬೆಟ್ಟದ ಪಾದವನ್ನು ಕೊರೆದೆಡೆಯಲ್ಲೆಲ್ಲ ಮಣ್ಣು ಹಸಿಗಾಯದಂತೆ ತೆರೆದುಕೊಂಡಿದೆ. ತಿರುವು ತಿರುವಿಗೂ ‘ಕಲ್ಲು ಬೀಳುವ ಸ್ಥಳ’ ಎಂಬ ಫಲಕ! ಅದನ್ನು ಓದಿಕೊಂಡು ಕೆಳಗೆ ನಿಂತು ನೋಡುವುದಕ್ಕೆ ಯಾರಿಗೆ ಧೈರ್ಯ? ನಮ್ಮ ಯಜಮಾನರು ಚಕ್ರವನ್ನು ಹಿಡಿದು ರಸ್ತೆಯನ್ನು ನೋಡುತ್ತಿದ್ದರು; ಬೆಟ್ಟವನ್ನು ನೋಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು.

ಸಂಜೆಗೆ ಜೋಶೀಮಠವನ್ನು ಮುಟ್ಟಿದೆವು. ಶಂಕರಾಚಾರ್ಯರು ಸ್ಥಾಪಿಸಿದ ನಾಲ್ಕು ಆಮ್ನಾಯ ಪೀಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿಯಾದರೆ ಉತ್ತರದ್ದು ಇದು. ಜ್ಯೋತಿರ್ಮಠವೇ ಜನರ ಬಾಯಲ್ಲಿ ಜೋಶೀಮಠವಾಗಿತ್ತು. ನಾವು ಹೋಗಿಬಂದ ಕೆಲವು ತಿಂಗಳಿಗೆ, 2024ರ ಜೂನಿನಲ್ಲಿ, ಸರಕಾರವು ಹಳೆಯ ಹೆಸರನ್ನೇ ಮರಳಿ ಕೊಟ್ಟಿತು. ತುಂಗೆಯ ದಡದ ಆ ತಂಪನ್ನು ಬಲ್ಲವರಿಗೆ, ಕಡಿದಾದ ಇಳಿಜಾರಿಗೆ ಅಂಟಿಕೊಂಡ ಈ ಊರು ಅದರ ಸೋದರ ಸ್ಥಾನವೆಂದು ನಂಬುವುದೇ ಕಷ್ಟ. ಬದರಿಯ ಬಾಗಿಲು ಮುಚ್ಚಿದ ಮೇಲೆ ಆಚಾರ್ಯರ ಗದ್ದಿಗೆ ಇಲ್ಲಿನ ನರಸಿಂಹ ದೇವಾಲಯಕ್ಕೆ ಬರುತ್ತದೆ. ಈ ನರಸಿಂಹನ ಒಂದು ತೋಳು ವರ್ಷೇ ವರ್ಷೇ ಸಣ್ಣಗಾಗುತ್ತಿದೆಯೆಂದೂ, ಅದು ಕಳಚಿ ಬಿದ್ದ ದಿನ ಬೆಟ್ಟಗಳು ಕೂಡಿಕೊಂಡು ಬದರಿಯ ದಾರಿ ಮುಚ್ಚಿಹೋಗುವುದೆಂದೂ ಪ್ರತೀತಿ.

ಕಥೆಯನ್ನು ನಂಬದವರೂ ಊರನ್ನು ನೋಡಿದರೆ ಒಂದು ಗಳಿಗೆ ಸುಮ್ಮನಾಗಬೇಕು. 2023ರ ಜನವರಿಯಲ್ಲಿ ಜೋಶೀಮಠದ ನೆಲ ಕುಸಿಯತೊಡಗಿತು. 800ಕ್ಕೂ ಮೇಲ್ಪಟ್ಟ ಕಟ್ಟಡಗಳು ಬಿರುಕುಬಿಟ್ಟವು. ಎರಡು ಹೋಟೆಲುಗಳು ಒಂದರ ಮೇಲೊಂದು ಒರಗಿದುದರಿಂದ ಅವನ್ನು ಬಿಚ್ಚಿ ತೆಗೆಯಬೇಕಾಯಿತು. 2022ರ ಡಿಸೆಂಬರ್ 27ರಿಂದ ಹನ್ನೆರಡೇ ದಿನಗಳಲ್ಲಿ ನೆಲವು 5.4 ಸೆಂಟಿಮೀಟರು ಇಳಿದಿತ್ತೆಂದು ಉಪಗ್ರಹದ ಚಿತ್ರಗಳು ತಿಳಿಸಿದವು. ಇದು ಯಾರಿಗೂ ತಿಳಿಯದೆ ಬಂದ ವಿಪತ್ತಲ್ಲ. ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಹಿಂದೆಂದೋ ಜರಿದುಬಿದ್ದ ಬೆಟ್ಟದ ಕಲ್ಲುಮಣ್ಣಿನ ರಾಶಿಯ ಮೇಲೆ. ಇಲ್ಲಿ ಭಾರದ ಕಟ್ಟಡ ಕೂಡದು, ಇಳಿಜಾರಿನ ಬಂಡೆಗಳನ್ನು ಕೀಳಕೂಡದು, ಮರ ಕಡಿಯಕೂಡದು ಎಂದು ಮಿಶ್ರಾ ಸಮಿತಿಯು 1976ರಲ್ಲಿಯೇ ಬರೆದುಕೊಟ್ಟಿತ್ತು. ಬರೆದುದನ್ನು ಓದುವುದು ಬೇರೆ, ಪಾಲಿಸುವುದು ಬೇರೆ.

ನಾವು ಇಳಿದುಕೊಂಡದ್ದು ಒಬ್ಬ ವೃದ್ಧೆಯ ಮನೆಯಲ್ಲಿ. ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು, ಆ ಆದಾಯದಿಂದ ಆಕೆಯ ಸಂಸಾರ ನಡೆಯುತ್ತಿತ್ತು. ಅಡಿಗೆಮನೆಯ ಒಲೆಯ ಬಳಿ ನಮ್ಮನ್ನು ಕೂರಿಸಿ, ಕರಿಯ ರೊಟ್ಟಿಯನ್ನು ತಟ್ಟೆಗೆ ಹಾಕಿ, ಮೇಲೆ ತುಪ್ಪ ಸುರಿದಳು. ಒಂದು ತುತ್ತಿಗೇ ಯಜಮಾನರ ಮುಖ ಅರಳಿತು. ರಾಗಿರೊಟ್ಟಿ! ಇಲ್ಲಿಯವರು ಅದನ್ನು ಮಂಡುವಾ ಎನ್ನುತ್ತಾರೆ. ಜೊತೆಗೆ ಬಂದ ಗಹತ್ ಎಂಬ ಸಾರು ನಮ್ಮ ಹುರುಳಿಯದೇ. ದಿಲ್ಲಿಯಲ್ಲಿ ಇಷ್ಟು ವರ್ಷವಿದ್ದೂ ದೊರೆಯದ ಊರಿನ ಊಟ ಹಿಮಾಲಯದಲ್ಲಿ ದೊರೆಯಿತು.

ಗೋಡೆಯ ಮೂಲೆಯಲ್ಲಿ ಕೂದಲೆಳೆಯಂಥ ಒಂದು ಬಿರುಕಿತ್ತು. ಅದರ ಎರಡು ತುದಿಗಳಿಗೆ ಸೀಸದಕಡ್ಡಿಯಿಂದ ಗುರುತು ಮಾಡಿ, ಪಕ್ಕದಲ್ಲಿ ತಾರೀಖನ್ನು ಬರೆದಿದ್ದಳು. “ಮೈದುನನ ಮನೆಗೆ ಕೆಂಪು ಗುರುತು ಹಾಕಿ ಬಿಡಿಸಿದರು, ಮಗಳೇ. ನಮ್ಮದಕ್ಕೆ ಹಾಕಲಿಲ್ಲ. ಪ್ರತಿ ಅಮಾವಾಸ್ಯೆಗೂ ನೋಡುತ್ತೇನೆ. ಗುರುತು ದಾಟಿದರೆ ಹೊರಡಬೇಕು” ಎಂದಳು. ಹಿಂದಿನ ಚಳಿಗಾಲದಲ್ಲಿ ಕುಸಿತದ ಸುದ್ದಿಯಿಂದ ಅತಿಥಿಗಳು ಬರಲಿಲ್ಲವಂತೆ. ಈ ಚಳಿಗಾಲದ ಜನವರಿಯೆಲ್ಲ ಹಿಮ ಬೀಳದೆ ಒಣಗಿಹೋಗಿತ್ತು. ಫೆಬ್ರವರಿಯ ಮೊದಲ ವಾರದಲ್ಲಿ ಬಿದ್ದ ಹಿಮವೇ ನಮ್ಮನ್ನೂ ಕರೆತಂದುದು. ಇಂಥ ಊರಿಗೆ ವಿನೋದಕ್ಕಾಗಿ ಮೋಟಾರು ಏರಿಸಿಕೊಂಡು ಬರುವುದು ಸರಿಯೇ ಎಂದು ನಾವು ರಾತ್ರಿ ಚರ್ಚಿಸಿದೆವು. ಬಂದರೆ ಬೆಟ್ಟಕ್ಕೆ ಭಾರ. ಬಾರದಿದ್ದರೆ ಈ ಒಲೆಗೆ ಬೆಂಕಿಯಿಲ್ಲ. ದೊಡ್ಡ ಹೋಟೆಲನ್ನು ಹುಡುಕದೆ ಇಂಥ ಮನೆಗಳಲ್ಲಿ ಇಳಿಯುವುದು ಮೇಲೆಂಬಲ್ಲಿಗೆ ಮಾತು ನಿಂತಿತು. ಯಜಮಾನರು ನಿದ್ದೆಹೋದರು, ನಮಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಜೋಶೀಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರು ಉದ್ದದ ತಂತಿಹಾದಿಯೊಂದಿದೆ. ಕುಸಿತದ ನಂತರ ಅದನ್ನು ನಿಲ್ಲಿಸಲಾಗಿದ್ದು, ನಾವು ಹೋದಾಗಲೂ ನಿಂತೇ ಇತ್ತು. ಆದಕಾರಣ ರಸ್ತೆಯಲ್ಲಿಯೇ ಏರಬೇಕಾಯಿತು. ನೆರಳಿನ ತಿರುವುಗಳಲ್ಲಿ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಗಿರುತ್ತದೆ. ಅಲ್ಲಿ ತಟ್ಟನೆ ತಡೆ ಒತ್ತಿದರೆ ಗಾಡಿ ತನಗೆ ಇಷ್ಟ ಬಂದ ಕಡೆ ಹೋಗುತ್ತದೆ. ಚಕ್ರಗಳಿಗೆ ಸರಪಳಿ ಸುತ್ತಿದ ಸ್ಥಳೀಯ ಜೀಪಿನಲ್ಲಿ ಹೋಗುವುದೇ ಕ್ಷೇಮವೆಂದು ನಮ್ಮ ಮೋಟಾರನ್ನು ಕೆಳಗೇ ಬಿಟ್ಟೆವು. ಬಯಲುಸೀಮೆಯಿಂದ ಬರುವವರೆಲ್ಲ ಹೀಗೆಯೇ ಮಾಡಲಿ.

ಔಲಿ 8,200 ಅಡಿಯಿಂದ 10,000 ಅಡಿಯವರೆಗೆ ಹಬ್ಬಿದೆ. ಮೇಲೇರಿ ತಲೆಯೆತ್ತಿದೊಡನೆ ಎದುರಿಗೆ ನಂದಾದೇವಿ! 25,643 ಅಡಿ ಎತ್ತರದ ಆ ಶಿಖರವನ್ನು ಗಢವಾಲಿನವರು ಬೆಟ್ಟವೆಂದು ಕಾಣುವುದಿಲ್ಲ. ಮನೆಯ ಮಗಳೆಂದು ಕಾಣುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ‘ರಾಜಜಾತ್’ ಎಂಬ ಯಾತ್ರೆಯಲ್ಲಿ ಅವಳನ್ನು ತವರಿನಿಂದ ಗಂಡನ ಮನೆಯಾದ ಕೈಲಾಸದ ಕಡೆಗೆ ಕಳುಹಿಸಿಕೊಡುತ್ತಾರೆ. ಭಾದ್ರಪದದಲ್ಲಿ ಗೌರಿಯನ್ನು ತವರಿಗೆ ಕರೆತಂದು ಮಡಿಲು ತುಂಬುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಜಾರಾಟ. ಸೀರೆಯನ್ನು ದಿಲ್ಲಿಯಲ್ಲಿಯೇ ಬಿಟ್ಟು ಬಂದಿದ್ದೆವೆಂದು ಬೇರೆ ಹೇಳಬೇಕಾಗಿಲ್ಲ. ಆಳೆತ್ತರದ ಎರಡು ಕಿರುಹಲಗೆಗಳು, ಕಲ್ಲಿನಂಥ ಪಾದರಕ್ಷೆಗಳು, ಎರಡು ಕೋಲುಗಳು. ಇವೆಲ್ಲವೂ ಬಾಡಿಗೆಗೆ ದೊರೆಯುತ್ತವೆ. ಕಲಿಸಲು ಬಂದವನು ಜೋಶೀಮಠದ ಹುಡುಗ. ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಅಗಲಿಸಿದರೆ ವೇಗ ಕುಗ್ಗುತ್ತದೆ. ಇದಕ್ಕೆ ಹಿಮದ ನೇಗಿಲೆಂದೇ ಹೆಸರು. ಭಯಪಟ್ಟವರು ಹಿಂದಕ್ಕೆ ಬಾಗುತ್ತಾರೆ, ಬಾಗಿದೊಡನೆ ಹಲಗೆ ಹಿಡಿತ ತಪ್ಪಿ ಓಡುತ್ತದೆ. ಇಳಿಜಾರಿನ ಕಡೆಗೇ ಎದೆಯೊಡ್ಡಿ ಮುಂದಕ್ಕೆ ಬಾಗಬೇಕು. ಬೀಳುವುದಾದರೆ ಪಕ್ಕಕ್ಕೆ ಬೀಳಬೇಕು. ಈ ಕೊನೆಯ ಪಾಠ ನಮಗೆ ಬೇಗನೆ ಕರಗತವಾಯಿತು. ಮೂರನೆಯ ದಿನ ಐವತ್ತು ಮಾರು ದೂರವನ್ನು ಬೀಳದೆ ಇಳಿದು, ನೇಗಿಲು ಹೂಡಿ ನಿಂತಾಗ, ಮೇಲೆ ನಿಂತಿದ್ದ ಯಜಮಾನರು ಕೋಲೆತ್ತಿ ಜಯಕಾರ ಮಾಡಲು ಹೋಗಿ ತಾವೇ ಕುಳಿತುಬಿಟ್ಟರು.

2011ರಲ್ಲಿ ದಕ್ಷಿಣ ಏಷ್ಯದ ಚಳಿಗಾಲದ ಕ್ರೀಡೆಗಳು ನಡೆದುದು ಇದೇ ಇಳಿಜಾರಿನಲ್ಲಿ. ಹಿಮ ಸಾಲದಾಗ ನೀರನ್ನು ಹಿಮವಾಗಿಸಿ ಎರಚುವ ಯಂತ್ರಗಳನ್ನೂ ಇಲ್ಲಿ ಹೂಡಿದ್ದಾರೆ. ಆದರೆ ಗಾಳಿಯೇ ಸಾಕಷ್ಟು ತಣ್ಣಗಾಗದಿದ್ದರೆ ಯಂತ್ರವೂ ಕೈಚೆಲ್ಲುತ್ತದೆ.

ಔಲಿಯ ಕೆಳಗಿನ ಧೌಲಿಗಂಗೆಯ ಕಣಿವೆಯನ್ನು ಹಿಡಿದು ಹೋದರೆ ರೇಣಿ ಗ್ರಾಮ. 1974ರ ಮಾರ್ಚಿಯಲ್ಲಿ ಗೌರಾದೇವಿಯೂ ಆಕೆಯ ಜೊತೆಯ ಹೆಂಗಸರೂ ಮರಗಳನ್ನು ತಬ್ಬಿ ನಿಂತು, ಕಡಿಯಲು ಬಂದವರನ್ನು ಹಿಂದಿರುಗಿಸಿದ ಊರು ಅದು. ಅದರ ಕಿಡಿ ನಮ್ಮ ಶಿರಸಿಯ ಸಾಲಕಣಿಯವರೆಗೆ ಹಾರಿ, 1983ರಲ್ಲಿ ಅಪ್ಪಿಕೋ ಚಳವಳಿಯಾಯಿತು. ಅದೇ ರೇಣಿಯ ಕಣಿವೆಯಲ್ಲಿ 2021ರ ಫೆಬ್ರವರಿ 7ರಂದು ಬಂಡೆಯೂ ಹಿಮವೂ ಕಳಚಿ ಪ್ರವಾಹವಾಗಿ ನುಗ್ಗಿ, 200ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಅವರಲ್ಲಿ ಬಹುಮಂದಿ ವಿದ್ಯುತ್ ಯೋಜನೆಗಳ ಕೂಲಿಕಾರರು.

ಹೊರಡುವ ದಿನ ವೃದ್ಧೆಯು ಒಂದು ಬಟ್ಟೆಯ ಗಂಟಿನಲ್ಲಿ ಹುರುಳಿಯನ್ನು ಕಟ್ಟಿಕೊಟ್ಟಳು. ಕೋಣೆಯ ಬಾಡಿಗೆಯನ್ನು ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡು, “ಮುಂದಿನ ಸಲ ಹಿಮ ಬಿದ್ದರೆ ಫೋನು ಮಾಡಿಸುತ್ತೇನೆ. ಮನೆ ಎಲ್ಲಿದ್ದರೂ ಬನ್ನಿ” ಎಂದಳು. ಅದೇ ವರ್ಷದ ಡಿಸೆಂಬರಿನಲ್ಲಿ ಔಲಿಯಲ್ಲಿ ಹಿಮ ಬಿತ್ತು; ಫೋನೂ ಬಂದಿತು. ಬಿರುಕು ಗುರುತನ್ನು ದಾಟಿಲ್ಲವಂತೆ.